ಲೂಯಿಸಣ್ಣ ಓಡಿಸಿದ ಒಂದು ರೇಸು

ಅರ್ಜಿಯಲ್ಲಿ ಲೂಯಿಸಣ್ಣನ ಹೆಸರು ಬರೆದವನು ಬೇರೆ ಯಾರೂ ಅಲ್ಲ, ಸ್ವತಃ ರೋಶನ್. ಯಾರೂ ಅವನ ಕೈ ಹಿಡಿದು ಬರೆಸಲಿಲ್ಲ, ಯಾರೂ ಹೆದರಿಸಲಿಲ್ಲ. ಕಾರ್ಕಳದ ಹತ್ತಿರ ನಕ್ರೆಯಲ್ಲಿ ಲೂಯಿಸಣ್ಣನ ಮನೆಯ ಮಹಡಿಯಲ್ಲಿ ಕುಳಿತು, ಬಾಯಲ್ಲಿ ಕಾನ್ಸೆಪ್ಟಕ್ಕ ಕೊಟ್ಟ ಬಿಸ್ಕತ್ತು ಇಟ್ಟುಕೊಂಡು, ಖುಷಿಯಿಂದಲೇ ಬರೆದ. ಕಂಪ್ಯೂಟರಿನ ಪರದೆಯಲ್ಲಿ 'ಚಾಲಕನ ಹೆಸರು' ಎಂದಿತ್ತು. ಅದರ ಮುಂದೆ ಒಂದೇ ಒಂದು ಖಾಲಿ ಚೌಕ. ರೋಶನ್ ಅದರೊಳಗೆ 'ನಕ್ರೆ ಪಾದೆಮನೆ ಲೂಯಿಸ್ ಎ' ಎಂದು ತುಂಬಿದ.

ಈ 'ಎ' ಎಲ್ಲಿಂದ ಬಂತು ಎಂದು ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಲೂಯಿಸಣ್ಣನ ಮನೆಯಲ್ಲಿ ಕಂಬಳದ ಕೋಣಗಳುಂಟು, ಅಪ್ಪನ ಕಾಲದಿಂದಲೂ ಉಂಟು. ಕಂಬಳದ ಮೈಕಿನಲ್ಲಿ ಮೊದಲು ಕೂಗುವುದು ಕೋಣದ ಯಜಮಾನನ ಮನೆಯ ಹೆಸರು. ಎರಡು ಜೋಡಿ ಇದ್ದರೆ ಎ, ಬಿ. ಗೆದ್ದದ್ದು ಯಜಮಾನ. ಪದಕ ಹೋಗುವುದು ಯಜಮಾನನ ಮನೆಗೆ. ಆಮೇಲೆ 'ಓಡಿಸಿದವರು ಇಂಥವರು' ಎಂದು ಕೆಸರಲ್ಲಿ ಮಿಂದವನ ಹೆಸರನ್ನೂ ಹೇಳುತ್ತಾರೆ, ಜನ ಶಿಳ್ಳೆ ಹಾಕುತ್ತಾರೆ. ಯಾರಿಗೂ ಬೇಸರವಿಲ್ಲ. ರೋಶನ್ ಚಿಕ್ಕಂದಿನಿಂದ ಕೇಳಿದ್ದು ಅದನ್ನೇ. 'ಓಡಿಸಿದವರು' ಎಂಬ ಎರಡನೇ ಚೌಕ ಎಲ್ಲಿ ಎಂದು ಪರದೆಯ ಮೇಲೂ ಕೆಳಗೂ ಹುಡುಕಿದ, ಸಿಗಲಿಲ್ಲ. ಸಿಗದಿದ್ದರೆ ಕೇಳಬಾರದಿತ್ತೇ? ಕೇಳಲಿಲ್ಲ, ಗುಂಡಿ ಒತ್ತಿಬಿಟ್ಟ.

ಆ ಮಹಡಿಯಲ್ಲಿದ್ದದ್ದು ಕೋಣವಲ್ಲ, ಯಂತ್ರ. ರೇಸ್ ಕಾರಿನ ಸೀಟು, ಸ್ಟೀರಿಂಗು, ಮೂರು ಪೆಡಲು, ಎದುರಿಗೆ ಮೂರು ಪರದೆ. ಸಿಮ್ ರೇಸಿಂಗ್ ಎನ್ನುತ್ತಾರೆ. ಇಲ್ಲಿ ಕುಳಿತು ಸ್ಟೀರಿಂಗ್ ತಿರುಗಿಸಿದರೆ ಪರದೆಯೊಳಗಿನ ಕಾರು ಓಡುತ್ತದೆ, ಇಂಟರ್‌ನೆಟ್ಟಿನಲ್ಲಿ ಮತ್ತೆ ಇಪ್ಪತ್ತಮೂರು ಜನ ತಮ್ಮ ತಮ್ಮ ಮನೆಯಿಂದ ಓಡಿಸುತ್ತಿರುತ್ತಾರೆ. ಆಟ ಎಂದು ನಗಬೇಡಿ, ಒಂದು ರೇಸು ಮುಗಿಯುವಾಗ ಅಂಗಿ ಬೆವರಲ್ಲಿ ಒದ್ದೆಯಾಗುತ್ತದೆ. ಅದನ್ನು ಕೊಂಡದ್ದು ಲೂಯಿಸಣ್ಣನ ಮಗ ಕಾರ್ಲ್. ಮೂರು ತಿಂಗಳು ಆಡಿದ, ಬೇಜಾರಾಯಿತು, ಮಣಿಪಾಲದಲ್ಲಿ ಹೋಟೆಲು ಇಟ್ಟ. ಯಂತ್ರ ಮಾರೋಣ ಎಂದು ಕಾನ್ಸೆಪ್ಟಕ್ಕ ಹೇಳಿದ್ದಕ್ಕೆ ಲೂಯಿಸಣ್ಣ, "ಓಡಿಸುವವ ಇಲ್ಲ ಅಂತ ಹಟ್ಟಿಯ ಕೋಣ ಮಾರ್ತಾರಾ?" ಎಂದು ರೇಗಿದ್ದರು.

ಓಡಿಸುವವ ಸಿಕ್ಕಿದ್ದು ಸಿಡಿಲಿನಿಂದ. ರೋಶನ್ ಕಾಪುವಿನ ಪಡುಭಾಗದವ. ಅಪ್ಪ ಬೂಬ ಎಂಬವನು ದೋಣಿಯಲ್ಲಿ ಮೀನು ಹಿಡಿಯುತ್ತಾನೆ, ಅಮ್ಮ ಸರಸ ಕಾಪು ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ಅವನು ಇಂಟರ್‌ನೆಟ್ ಕಂಪನಿಯೊಂದರಲ್ಲಿ ಕೇಬಲ್ ಎಳೆಯುವ ಕೆಲಸಕ್ಕಿದ್ದ. ಸಿಡಿಲು ಬಡಿದು ಹಾಳಾದ ಲೈನು ಸರಿಮಾಡಲು ಪಾದೆಮನೆಗೆ ಬಂದವನು, ಸ್ಪೀಡು ಬರುತ್ತದೋ ನೋಡಲು ಆ ಸೀಟಿನಲ್ಲಿ ಕುಳಿತು ಒಂದು ಸುತ್ತು ಹೊಡೆದ. ಲೂಯಿಸಣ್ಣ ಹಿಂದೆ ಕಾಫಿ ಲೋಟ ಹಿಡಿದು ನಿಂತಿದ್ದರು. ಕೋಣದ ಓಟ ನೋಡಿ ನೋಡಿ ಪಳಗಿದ ಕಣ್ಣು, ತಪ್ಪುತ್ತದೆಯೇ?

"ಇನ್ನೊಂದು ಸಲ ಓಡಿಸು" ಎಂದರು. ಓಡಿಸಿದ. "ನಾಡಿದ್ದು ಆದಿತ್ಯವಾರ ಬಾ. ಮಧ್ಯಾಹ್ನ ಊಟ ಇಲ್ಲೇ."

ಹಾಗೆ ಶುರುವಾದದ್ದು. ಮಣಿಪಾಲದಲ್ಲಿ ಕಂಪ್ಯೂಟರ್ ಗೇಮಿನ ಅಂಗಡಿ ಇಟ್ಟಿದ್ದ ಚಂದು ಎಂಬವನು ಒಂದು ಆನ್‌ಲೈನ್ ಚಾಂಪಿಯನ್‌ಶಿಪ್ ನಡೆಸುತ್ತಿದ್ದ. ವರ್ಷಕ್ಕೆ ಎರಡು ಸೀಸನ್, ರೇಸು ಆದಿತ್ಯವಾರ ಮಧ್ಯಾಹ್ನ ಮೂರಕ್ಕೆ. ರೋಶನ್ ತುಂಬಿದ ಅರ್ಜಿ ಅದಕ್ಕೆ ಸೇರಲು. ಅದರ ಅಂಕಿಅಂಶ ಇಡುತ್ತಿದ್ದವಳು ಧೃತಿ, ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸದ ಹುಡುಗಿ. ಯಾರು ಎಷ್ಟು ರೇಸು ಓಡಿದರು, ಎಷ್ಟು ಗೆದ್ದರು, ಎಷ್ಟು ಸಲ ಮುಂಚೂಣಿಯಿಂದ ಹೊರಟರು, ಅತಿವೇಗದ ಸುತ್ತು ಯಾರದು, ಗೋಡೆಗೆ ಹೊಡೆದದ್ದು ಎಷ್ಟು ಸಲ, ಎಲ್ಲಕ್ಕೂ ಅವಳಲ್ಲಿ ಲೆಕ್ಕವುಂಟು. ಚಾಲಕನ ಹೆಸರು ಒತ್ತಿದರೆ ಅವನ ಜಾತಕವೇ ತೆರೆದುಕೊಳ್ಳುತ್ತಿತ್ತು.

ಮೂರು ವರ್ಷ, ಆರು ಸೀಸನ್ ಕಳೆದಾಗ 'ನಕ್ರೆ ಪಾದೆಮನೆ ಲೂಯಿಸ್ ಎ' ಎಂಬ ಪುಟ ಹೀಗಿತ್ತು: ನೂರಹನ್ನೆರಡು ರೇಸು, ಐವತ್ತೆಂಟು ಗೆಲುವು, ಐದು ಸಲ ಚಾಂಪಿಯನ್. ಎರಡನೇ ಸ್ಥಾನದಲ್ಲಿದ್ದ ಕಾಪುವಿನ ಫಯಾಝ್‌ಗೆ ಹತ್ತೊಂಬತ್ತೇ ಗೆಲುವು. ಫಯಾಝ್ ರೋಶನ್‌ನ ಶಾಲೆಯ ಗೆಳೆಯ, ಪೇಟೆಯಲ್ಲಿ ಚಪ್ಪಲಿ ಅಂಗಡಿ. ಲೂಯಿಸ್ ಅಂದರೆ ರೋಶನ್ ಎಂದು ಓಡಿಸುವವರಲ್ಲಿ ಅವನೊಬ್ಬನಿಗೆ ಗೊತ್ತಿತ್ತು. ಉಳಿದವರಿಗೆ ಲೂಯಿಸ್ ಅಂದರೆ ಲೂಯಿಸೇ. ಎಲ್ಲೆಲ್ಲಿಂದಲೋ ಹುಡುಗರು 'ಲೂಯಿಸ್ ಸರ್, ನಿಮ್ಮ ಕೈ ಅಂದ್ರೆ ಕೈ' ಎಂದು ಮೆಸೇಜು ಕಳಿಸುತ್ತಿದ್ದರು. ರೋಶನ್ ಅದನ್ನು ಲೂಯಿಸಣ್ಣನಿಗೆ ಓದಿ ಹೇಳುತ್ತಿದ್ದ. ಅವರು ಮೀಸೆಯಡಿಯಲ್ಲಿ ನಗುತ್ತಿದ್ದರು. ಒಮ್ಮೆ ಊರಿನ ಪತ್ರಿಕೆಯವರು ಬಂದು 'ಅರವತ್ತರ ಚಾಂಪಿಯನ್' ಎಂದು ಬರೆಯುವುದಕ್ಕೆ ಫೋಟೋ ತೆಗೆದರು. ಲೂಯಿಸಣ್ಣ ಗ್ಲೌಸು ಹಾಕಿ ಸೀಟಿನಲ್ಲಿ ಕುಳಿತರು. ಬೆಳಕು ಸಾಲದೆಂದು ಪಕ್ಕದಲ್ಲಿ ಟಾರ್ಚು ಹಿಡಿದವನು ನಮ್ಮ ರೋಶನ್. ಅವನಿಗೆ ಆಗ ನಗು ಬಂದಿತ್ತು. ನಗಲಿ ಪಾಪ, ನಗುವ ದಿನಗಳು.

ನಗು ನಿಂತದ್ದು ಅಕ್ಟೋಬರಿನಲ್ಲಿ. ಕೊಯಮತ್ತೂರಿನ ಒಂದು ರೇಸಿಂಗ್ ತಂಡ ದೇಶದ ಆನ್‌ಲೈನ್ ಲೀಗುಗಳಿಗೆಲ್ಲ ಪತ್ರ ಬರೆದಿತ್ತು. ನಿಮ್ಮ ಲೀಗಿನ ದಾಖಲೆಯಲ್ಲಿ ಎಲ್ಲರಿಗಿಂತ ಮೇಲಿರುವ ಒಬ್ಬ ಚಾಲಕನನ್ನು ಕಳಿಸಿ, ತರಬೇತಿ ಕೊಟ್ಟು ಒಂದು ವರ್ಷ ನಿಜವಾದ ಕಾರು ಓಡಿಸಲು ಕೊಡುತ್ತೇವೆ. ವಯಸ್ಸು ಇಪ್ಪತ್ತಾರರ ಒಳಗಿರಬೇಕು. ದಾಖಲೆ ಈ ತಿಂಗಳ ಮೂವತ್ತರೊಳಗೆ ಮುಟ್ಟಬೇಕು.

ರೋಶನ್‌ಗೆ ಫೆಬ್ರವರಿಯಲ್ಲಿ ಇಪ್ಪತ್ತಾರು ತುಂಬುತ್ತಿತ್ತು. ಅಂದರೆ ಈ ಸಲ ಇಲ್ಲದಿದ್ದರೆ ಜನ್ಮದಲ್ಲಿ ಇಲ್ಲ. ಅವನು ಪತ್ರವನ್ನು ಹತ್ತು ಸಲ ಓದಿದ. ಕಂಬ ಹತ್ತಿ ಕೇಬಲ್ ಎಳೆಯುವ ಕೆಲಸ, ಬಿಸಿಲು, ಬೈಗುಳ, ಎಲ್ಲದರಿಂದ ಹೊರಗೆ ಹೋಗುವ ಬಾಗಿಲು ಎದುರಿಗೇ ತೆರೆದಿತ್ತು. ಬಾಗಿಲ ಮೇಲೆ ಮಾತ್ರ ಲೂಯಿಸಣ್ಣನ ಹೆಸರು.

ಧೃತಿಯೇ ಫೋನು ಮಾಡಿದಳು. ಅರ್ಜಿಯಲ್ಲಿದ್ದದ್ದು ರೋಶನ್‌ನ ನಂಬರು.

"ಲೂಯಿಸ್ ಅವರಾ? ನಿಮ್ಮ ವಯಸ್ಸು ಪತ್ರಿಕೆಯಲ್ಲಿ ಅರವತ್ತು ಅಂತ ನೋಡಿದೆ. ಹಾಗಾಗಿ ನಿಮ್ಮನ್ನು ಬಿಟ್ಟು ಎರಡನೆಯವರನ್ನು ಕಳಿಸ್ಬೇಕಾಗ್ತದೆ. ಬೇಜಾರು ಮಾಡ್ಬೇಡಿ."

"ನಾನು ಲೂಯಿಸ್ ಅಲ್ಲ" ಎಂದ ರೋಶನ್. "ನಾನು ಓಡಿಸುವವ."

"ಅಂದ್ರೆ?"

ಅವನು ಎಲ್ಲ ಹೇಳಿದ. ಅವಳು ಮಣಿಪಾಲದ ಫ್ಲ್ಯಾಟಿನಲ್ಲಿ ಬೆಳೆದವಳು, ಕಂಬಳವನ್ನು ಮೊಬೈಲಿನಲ್ಲಿ ನೋಡಿದವಳು. ಕೇಳಿ ಮುಗಿದದ್ದೇ, "ಎಂತ ಮಾರಾಯರೇ ನೀವು! ನೂರಹನ್ನೆರಡು ರೇಸು ಓಡಿಸಿ ಹೆಸರು ಇನ್ನೊಬ್ಬರದ್ದು ಹಾಕುವುದಾ?" ಎಂದು ಬೈದಳು. ಬೈದು ಮುಗಿದ ಮೇಲೆ ದಾರಿಯನ್ನೂ ಹೇಳಿದಳು. ಒಂದು ಖಾತೆಗೆ ಒಬ್ಬನೇ ಚಾಲಕ, ಅದು ಲೀಗಿನ ನಿಯಮ. ಓಡಿಸಿದ್ದು ಒಬ್ಬನೇ ಆಗಿದ್ದು ಹೆಸರು ಮಾತ್ರ ತಪ್ಪಾಗಿದ್ದರೆ, ಖಾತೆಯ ಹೆಸರಿನವರು ಒಂದು ಪತ್ರ ಬರೆದುಕೊಟ್ಟರೆ ಸರಿಮಾಡಬಹುದು. "ಓಡಿಸಿದ್ದು ನೀವೊಬ್ಬರೇ ಅಲ್ವಾ?"

"ನಾನೊಬ್ಬನೇ" ಎಂದ ರೋಶನ್. ಆ ಕ್ಷಣಕ್ಕೆ ಅವನಿಗೆ ಅದು ಸತ್ಯವೇ ಆಗಿತ್ತು.

ಮರುದಿನ ಸರಸಕ್ಕ ಮಾರ್ಕೆಟ್ಟಿನಲ್ಲಿ ಬಂಗುಡೆ ಕೊಳ್ಳಲು ಬಂದವರಿಗೆಲ್ಲ ಮಗ ಕಾರಿನ ರೇಸಿಗೆ ಹೋಗುವ ಸುದ್ದಿ ಹೇಳಿಯಾಗಿತ್ತು. ರೋಶನ್, ಇನ್ನೂ ಆಗಿಲ್ಲ ಅಮ್ಮ, ಬಾಯಿಮುಚ್ಚಿ ಕೂತುಕೋ ಎಂದರೂ ಕೇಳಲಿಲ್ಲ.

ಆದಿತ್ಯವಾರ ಇಗರ್ಜಿಯಿಂದ ಲೂಯಿಸಣ್ಣ ಬರುವ ಹೊತ್ತಿಗೆ ರೋಶನ್ ಪಾದೆಮನೆಯ ಜಗಲಿಯಲ್ಲಿದ್ದ. ಕಾನ್ಸೆಪ್ಟಕ್ಕ ಇಡ್ಲಿಯಂಥ ಮೆತ್ತನೆಯ ಸನ್ನ ತಂದಿಟ್ಟರು. ವಿಷಯ ಕೇಳಿ ಲೂಯಿಸಣ್ಣ ಬೂಟು ಬಿಚ್ಚುವುದನ್ನು ಅರ್ಧಕ್ಕೆ ನಿಲ್ಲಿಸಿದರು.

"ನನ್ನ ಕೋಣ ಗೆದ್ದ ಪದಕವನ್ನು ಓಡಿಸಿದವ ಮನೆಗೆ ತಕೊಂಡು ಹೋದದ್ದುಂಟಾ?"

"ಇಲ್ಲ ಲೂಯಿಸಣ್ಣ. ಆದ್ರೆ ಇದು ಕಂಬಳ ಅಲ್ವಲ್ಲ. ಇಲ್ಲಿ ಓಡಿಸಿದವನನ್ನೇ ಕೇಳ್ತಾರೆ."

"ನಿನಗೆ ಊಟ ಕಡಿಮೆ ಮಾಡಿದ್ದೇನಾ? ಚಾಂಪಿಯನ್ ಆದಾಗೆಲ್ಲ ಶಾಲು ಹಾಕಿದ್ದೇನೆ, ಉಂಗುರ ಹಾಕಿದ್ದೇನೆ. ಇಡೀ ಕಾರ್ಕಳಕ್ಕೆ ಇವ ನನ್ನ ಹುಡುಗ ಅಂತ ಹೇಳಿದ್ದೇನೆ."

ಅದೆಲ್ಲ ನಿಜ. ಅದೇ ರೋಶನ್‌ನ ಬಾಯಿ ಕಟ್ಟಿಹಾಕಿದ್ದು. ಕೆಟ್ಟ ಧಣಿಯೊಡನೆ ಜಗಳ ಮಾಡಬಹುದು, ಒಳ್ಳೆಯ ಧಣಿಯೊಡನೆ ಏನು ಮಾಡುವುದು? ಅವನು ತಲೆ ತಗ್ಗಿಸಿ ಕುಳಿತ. ಲೂಯಿಸಣ್ಣನ ದನಿ ತಾನಾಗಿ ಇಳಿಯಿತು.

"ಮೂರು ವರ್ಷ ಜನ ನನ್ನ ಕೈ ಕುಲುಕಿದ್ದಾರೆ ಮಾರಾಯ. ಇಗರ್ಜಿಯಲ್ಲಿ, ಬ್ಯಾಂಕಿನಲ್ಲಿ. ಈ ವಯಸ್ಸಿನಲ್ಲಿ ಯಾರು ಕುಲುಕ್ತಾರೆ? ಈಗ ಅದು ನಾನಲ್ಲ ಅಂತ ಹೇಳುವುದು ಹೇಗೆ?"

"ಬರೆದುಕೊಡಿ ನೀವು" ಎಂದು ಒಳಗಿನಿಂದ ಕಾನ್ಸೆಪ್ಟಕ್ಕ ಗದರಿದರು. "ನಮ್ಮ ಗೇಟು ದಾಟುವಾಗಲೇ ಕಾರನ್ನು ಕಂಬಕ್ಕೆ ತಾಗಿಸುವವರು ನೀವು. ಪಾಪದ ಹುಡುಗ, ಅವನಿಗೆ ವಯಸ್ಸು ಉಂಟು."

ಲೂಯಿಸಣ್ಣ ಎದ್ದು ಹಟ್ಟಿಯ ಕಡೆಗೆ ಹೋದರು. ಕೋಣದ ಬೆನ್ನು ಸವರುತ್ತಾ ತುಂಬಾ ಹೊತ್ತು ನಿಂತರು. ರೋಶನ್‌ಗೆ ಅವರ ಮೇಲೆ ಸಿಟ್ಟೂ ಬಂತು, ಅಯ್ಯೋ ಎಂದೂ ಅನಿಸಿತು. ಬಂದವರೇ, "ಬರಿ. ಸಹಿ ಹಾಕ್ತೇನೆ" ಎಂದರು. ರೋಶನ್‌ನ ಕಣ್ಣು ತುಂಬಿತು. ಕಾಲಿಗೆ ಬೀಳಲು ಹೋದ. ಅವರು ತಡೆದರು.

"ಆದ್ರೆ ಒಂದು. ನಿನ್ನ ಅಜ್ಜಿಯ ಬೊಜ್ಜದ ದಿನ ನೀನು ಬರಲಿಲ್ಲ. ಅವತ್ತು ನಾನು ಓಡಿಸಿದ್ದೇನೆ. ಅದು ನನ್ನದು. ಅದನ್ನು ಪತ್ರದಲ್ಲಿ ಬರೀಬೇಕು."

ರೋಶನ್‌ಗೆ ಆಗ ನೆನಪಾಯಿತು. ಅಜ್ಜಿ ತೀರಿಕೊಂಡು ಹದಿಮೂರನೆಯ ದಿನ, ಮನೆ ತುಂಬಾ ನೆಂಟರು, ಬಿಟ್ಟು ಬರುವ ಹಾಗಿರಲಿಲ್ಲ. ಓಟಗಾರ ಬಂದಿಲ್ಲ ಎಂದು ಯಜಮಾನ ಕೋಣವನ್ನು ಹಟ್ಟಿಯಲ್ಲೇ ಬಿಡಲಾದೀತೇ ಎಂದು ಲೂಯಿಸಣ್ಣ ತಾವೇ ಸೀಟಿಗೆ ಇಳಿದಿದ್ದರು. ನಾಲ್ಕು ಸುತ್ತು ಹೋದರು, ಗೋಡೆಗೆ ಹೊಡೆದರು, ರೇಸು ಮುಗಿಯಿತು. ಇಪ್ಪತ್ತನಾಲ್ಕು ಜನರಲ್ಲಿ ಇಪ್ಪತ್ತನಾಲ್ಕನೆಯವರು.

"ಅದು ಸೋತದ್ದಲ್ವಾ ಲೂಯಿಸಣ್ಣ. ಅದನ್ನು ಯಾಕೆ ಬರೆಯುವುದು? ಒಬ್ಬನೇ ಓಡಿಸಬೇಕು ಅಂತ ನಿಯಮ ಉಂಟು. ತೊಂದರೆ ಆದೀತು."

"ಸೋತದ್ದಾದ್ರೂ ಓಡಿಸಿದ್ದು ನಾನು. ನೂರಹನ್ನೊಂದು ನೀನು ತಕೋ. ನಾನು ಕೊಡ್ತೇನೆ ಅಂತ ಹೇಳಿದೆನಲ್ಲ, ಪೂರ್ತಿ ಕೊಡ್ತೇನೆ. ನನ್ನ ಒಂದು ನನಗೆ ಬಿಡು. ಅದೂ ಇಲ್ಲ ಅಂದ್ರೆ ನಾನು ಯಾವತ್ತೂ ಆ ಸೀಟಿನಲ್ಲಿ ಕೂತೇ ಇಲ್ಲ ಅಂತಾಯ್ತಲ್ಲ?"

ಇಲ್ಲಿ ರೋಶನ್ ಗಟ್ಟಿಯಾಗಬೇಕಿತ್ತು. ಆಗಲಿಲ್ಲ. ನೂರಹನ್ನೊಂದು ಬಿಟ್ಟುಕೊಟ್ಟ ಮನುಷ್ಯ ಒಂದು ಕೇಳುತ್ತಿದ್ದಾರೆ, ಅದೂ ಸೋತದ್ದನ್ನು. ಇಲ್ಲ ಎನ್ನಲು ನಾಲಗೆ ಹೇಗೆ ಏಳಬೇಕು? ನಾಲ್ಕು ಸುತ್ತಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಅವನೇ ತನ್ನ ಕೈಯಾರೆ ಬರೆದ. ಒಂದು ರೇಸನ್ನು ಹೊರತುಪಡಿಸಿ ಉಳಿದೆಲ್ಲವನ್ನೂ ಓಡಿಸಿದವನು ರೋಶನ್. ಲೂಯಿಸಣ್ಣ ಕನ್ನಡಕ ಹಾಕಿ ಎರಡು ಸಲ ಓದಿ, ಆ ಒಂದು ರೇಸಿನ ತಾರೀಕನ್ನೂ ಸೇರಿಸಿ ಸಹಿ ಹಾಕಿದರು.

ಬುಧವಾರ ಮಧ್ಯಾಹ್ನ ಮಣಿಪಾಲದಲ್ಲಿ, ಚಂದುವಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸಮಿತಿ ಸೇರಿತು. ಚಂದು, ಮತ್ತೆ ಇಬ್ಬರು. ಮೂವರೂ ಅದೇ ಲೀಗಿನಲ್ಲಿ ಓಡಿಸುವವರು. ಪತ್ರ ಓದಿದವಳು ಧೃತಿ. ಆ ಸಾಲು ಬಂದಾಗ ಅವಳು ನಿಂತಳು, ರೋಶನ್‌ನ ಮುಖ ನೋಡಿದಳು, ಮತ್ತೆ ಓದಿದಳು.

"ಹಾಗಾದ್ರೆ ಇಬ್ಬರು ಓಡಿಸಿದ್ದು" ಎಂದ ಚಂದು.

"ನಾಲ್ಕೇ ಸುತ್ತು ಚಂದಣ್ಣ. ಅವರು ಕೊನೆಯವರಾಗಿ ಬಂದದ್ದು."

"ನಾಲ್ಕೋ ನಲ್ವತ್ತೋ. ಒಂದು ಖಾತೆಯಲ್ಲಿ ಇಬ್ಬರು ಕೂತ್ರೆ ಆ ಖಾತೆಯ ದಾಖಲೆ ಪೂರ್ತಿ ರದ್ದು. ನಾನು ಹೇಳಿದ್ದಲ್ಲ ಮಾರಾಯ, ನಿಯಮದಲ್ಲಿ ಉಂಟು."

"ಆ ಒಂದನ್ನು ಮಾತ್ರ ತೆಗೀಬಹುದಲ್ವಾ?" ಎಂದಳು ಧೃತಿ. "ಬಾಕಿ ನೂರಹನ್ನೊಂದರ ಪ್ರತಿ ಸುತ್ತಿನ ಲೆಕ್ಕ ನನ್ನಲ್ಲಿ ಉಂಟು. ಒಬ್ಬನದೇ ಕೈ ಅಂತ ತೋರಿಸ್ತೇನೆ. ನೋಡಿ ಬೇಕಾದ್ರೆ."

ಯಾರೂ ನೋಡಲಿಲ್ಲ. ಇವತ್ತು ಇವನಿಗೆ ಬಿಟ್ಟರೆ ನಾಳೆ ಎಲ್ಲರೂ ಹೀಗೇ ಪತ್ರ ಹಿಡಿದು ಬರುತ್ತಾರೆ ಎಂದ ಒಬ್ಬ. ಇನ್ನೊಬ್ಬ ಮೊಬೈಲಿನಿಂದ ತಲೆಯನ್ನೇ ಎತ್ತಲಿಲ್ಲ, ಕೈ ಮಾತ್ರ ಎತ್ತಿದ. ಮೂರು ಕೈ ಮೇಲೆದ್ದವು. ಅಷ್ಟೇ. ಮೂರು ವರ್ಷದ ಆದಿತ್ಯವಾರಗಳು ಚಹಾ ಬರುವ ಮೊದಲೇ ಮುಗಿದವು.

ಖಾತೆ ತೆಗೆದಾಗ ಏನಾಗುತ್ತದೆ ಎಂದು ರೋಶನ್ ಯೋಚಿಸಿರಲಿಲ್ಲ. ಧೃತಿ ಬೇಡ ಬೇಡ ಎನ್ನುತ್ತಲೇ ಅವರೆದುರು ಗುಂಡಿ ಒತ್ತಿದಳು. ಪಟ್ಟಿ ತಾನಾಗಿ ಲೆಕ್ಕ ಹಾಕಿಕೊಂಡಿತು. ಅವನು ಮೊದಲಿಗನಾಗಿದ್ದ ರೇಸಿನಲ್ಲೆಲ್ಲ ಎರಡನೆಯವನು ಮೊದಲಿಗನಾದ, ಮೂರನೆಯವನು ಎರಡನೆಯವನಾದ. ಇಡೀ ಲೀಗು ಒಂದೊಂದು ಮೆಟ್ಟಿಲು ಮೇಲೆ ಹತ್ತಿತು. ಚಂದುವಿಗೆ ಜೀವಮಾನದಲ್ಲಿ ಒಂದು ಗೆಲುವಿರಲಿಲ್ಲ, ಈಗ ನಾಲ್ಕು. ಫಯಾಝ್‌ನ ಹತ್ತೊಂಬತ್ತು ಐವತ್ತಾಯಿತು. ಸಂಜೆಯೊಳಗೆ ಲೀಗಿನ ಗ್ರೂಪಿನಲ್ಲಿ ಅಭಿನಂದನೆಗಳ ಮಳೆ. ನಿನಗೆಷ್ಟು ಸಿಕ್ಕಿತು, ನನಗೆ ಎರಡು ಸಿಕ್ಕಿತು, ಪಾರ್ಟಿ ಯಾವಾಗ. ಇಷ್ಟು ದಿನ ಲೂಯಿಸ್ ಸರ್ ಎಂದು ಸಲಾಮು ಹೊಡೆದವರಲ್ಲಿ ಒಬ್ಬನೂ, ಒಬ್ಬನೇ ಒಬ್ಬನೂ, ಅವನಿಗೆ ಅನ್ಯಾಯವಾಯಿತು ಎಂದು ಬರೆಯಲಿಲ್ಲ. ಯಾಕೆ ಬರೆದಾರು? ಅನ್ಯಾಯದಲ್ಲಿ ಎಲ್ಲರಿಗೂ ಪಾಲು ಬಂದಿತ್ತು.

ಲೂಯಿಸಣ್ಣ ಮರುದಿನ ಬೆಳಿಗ್ಗೆ ಫೋನು ಮಾಡಿದರು. ಪುಟದಲ್ಲಿ ತಮ್ಮ ಹೆಸರೇ ಇಲ್ಲ ಎಂದು ಕಾರ್ಲ್ ತೋರಿಸಿದ್ದನಂತೆ.

"ನೀನು ಕೇಳಿದ್ದಕ್ಕೆ ಸಹಿ ಹಾಕಿದೆ. ಈಗ ನನ್ನದೂ ಹೋಯ್ತು. ನಾನು ಸತ್ಯ ಬರೆಸಿದ್ದು ತಪ್ಪಾ?"

"ತಪ್ಪಲ್ಲ ಲೂಯಿಸಣ್ಣ."

"ಸುಮ್ಮನೆ ಇದ್ದಿದ್ರೆ ಮನೆಯ ಹೆಸರಾದ್ರೂ ಇರ್ತಿತ್ತು. ನಿನಗೆ ಆಸೆ ಜಾಸ್ತಿ ಆಯ್ತು ಮಾರಾಯ. ಇನ್ನು ಆದಿತ್ಯವಾರ ನೀನು ಬರುವುದು ಬೇಡ."

ರೋಶನ್‌ಗೆ ಬಾಯಿಗೆ ಬಂದದ್ದೆಲ್ಲ ಹೇಳಿಬಿಡಬೇಕೆನಿಸಿತು. ನಿಮ್ಮ ಆ ಹಾಳು ನಾಲ್ಕು ಸುತ್ತು, ನಿಮ್ಮ ಗೋಡೆ, ನಿಮ್ಮ ಇಪ್ಪತ್ತನಾಲ್ಕನೇ ಸ್ಥಾನ! ಹೇಳಲಿಲ್ಲ. ಆಯ್ತು ಎಂದ. ಮಾರ್ಕೆಟ್ಟಿನಲ್ಲಿ ಜನ ಕೇಳುತ್ತಾರೆ ಎಂದು ಅಮ್ಮ ಎರಡು ದಿನ ಬುಟ್ಟಿ ಹೊತ್ತು ಕಟಪಾಡಿಯ ಕಡೆಗೆ ಹೋದಳು.

ಹೊಸ ಖಾತೆ ತೆರೆಯಲು ಧೃತಿ ಹೇಳಿದಳು. ಸ್ವಂತ ಹೆಸರಿನಲ್ಲಿ, ಸೊನ್ನೆಯಿಂದ. ಯಾವ ಯಂತ್ರದಲ್ಲಿ ಎಂದು ಅವನು ಕೇಳಿದ.

ಇಪ್ಪತ್ತೊಂಬತ್ತನೇ ತಾರೀಕು ಅವನು ಶಂಕರಪುರದ ಒಂದು ಕಂಬದ ಮೇಲಿದ್ದಾಗ ಫಯಾಝ್‌ನ ಕರೆ ಬಂತು. ಏಣಿಯಲ್ಲೇ ನಿಂತು, ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ.

"ನನಗೆ ಐವತ್ತು ಗೆಲುವು ಅಂತೆ" ಎಂದ ಫಯಾಝ್. "ನನ್ನ ಹೆಸರು ಕಳಿಸ್ತಾರಂತೆ. ಅದು ನಿನ್ನದು ಅಂತ ನನಗೆ ಗೊತ್ತುಂಟು ರೋಶನ್. ನೀನು ಬೇಡ ಅಂದ್ರೆ ನಾನು ಹೋಗುವುದಿಲ್ಲ."

ಬೇಡ ಎನ್ನಬೇಕು ಎಂದು ರೋಶನ್‌ಗೆ ತುಂಬಾ ಆಸೆಯಾಯಿತು. ಬೇಡ ಎಂದರೆ ಏನು ಸಿಗುತ್ತದೆ? ಮೂರನೆಯವನು ಹೋಗುತ್ತಾನೆ.

"ಹೋಗು" ಎಂದ.

"ಹೌದಾ? ನೀನು ಹಾಗೆ ಹೇಳ್ತಿ ಅಂತ ಗೊತ್ತಿತ್ತು. ಟಿಕೆಟು ನಿನ್ನೆಯೇ ಮಾಡಿಸಿದೆ" ಎಂದು ಫಯಾಝ್ ಒಂದೇ ಉಸಿರಿಗೆ ಹೇಳಿ ನಕ್ಕ. ಆಮೇಲೆ ದನಿ ತಗ್ಗಿಸಿದ. "ಮೊದಲ ದಿನವೇ ಅಲ್ಲಿಯ ಟ್ರ್ಯಾಕಿನಲ್ಲಿ ಓಡಿಸಿ ನೋಡ್ತಾರಂತೆ. ನಮ್ಮ ಲೀಗಿನಲ್ಲೂ ಆ ಟ್ರ್ಯಾಕು ಇತ್ತಲ್ಲ. ಮೂರನೇ ತಿರುವಿನಲ್ಲಿ ನೀನು ಪ್ರತಿ ಸಲ ನನ್ನನ್ನು ಹಿಂದೆ ಹಾಕ್ತಿದ್ದಿ. ಬ್ರೇಕು ಎಲ್ಲಿ ಹಾಕ್ತಿದ್ದದ್ದು ನೀನು?"

ಒಂದು ಸುಳ್ಳು ಸಾಕಿತ್ತು. ಹದಿನೈದು ಮೀಟರ್ ಆಚೆ ಎಂದಿದ್ದರೆ ಫಯಾಝ್ ನೇರ ಟ್ರ್ಯಾಕಿನಾಚೆಯ ಮರಳಿನೊಳಗೆ ಹೋಗುತ್ತಿದ್ದ. ಆ ಸುಳ್ಳು ರೋಶನ್‌ನ ಬಾಯಿಯವರೆಗೆ ಬಂದದ್ದು ಹೌದು. ಆದರೆ ಅಲ್ಲಿ ಓಡುವುದು ಪರದೆಯ ಕಾರಲ್ಲ.

"ನೂರು ಮೀಟರಿನ ಫಲಕ ದಾಟಿದ ಮೇಲೆ, ಎಡಗಡೆ ಡಾಂಬರಿನ ಬಣ್ಣ ಬದಲಾಗ್ತದೆ. ಅಲ್ಲಿ. ಒಮ್ಮೆಗೇ ಪೂರ್ತಿ ಒತ್ತಿ, ತಿರುಗಿಸ್ತಾ ಮೆಲ್ಲ ಬಿಡುವುದು."

"ನಿಲ್ಲು ನಿಲ್ಲು, ಬರ್ಕೊಳ್ತೇನೆ."

ರೋಶನ್ ನಿಂತ. ಕೆಳಗೆ ಅಂಗಳದಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಹೆಂಗಸು ನೆಟ್ಟು ಯಾವಾಗ ಬರುತ್ತದೆ ಎಂದು ಕೂಗಿ ಕೇಳಿದಳು. ಆಚೆ ಕಡೆಯಿಂದ ಫಯಾಝ್ ಬರೆದದ್ದನ್ನು ಓದಿ ಹೇಳಿದ. ಒಂದು ಕಡೆ ತಪ್ಪಾಗಿತ್ತು, ರೋಶನ್ ಸರಿಮಾಡಿಸಿದ.

"ಅಲ್ಲ ರೋಶನ್, ಅವರು ಅಲ್ಲಿ ಇದನ್ನು ಯಾರು ಕಲಿಸಿದ್ದು ಅಂತ ಕೇಳಿದ್ರೆ, ನಾನೇ ಮಾಡಿ ಮಾಡಿ ಕಲಿತದ್ದು ಅಂತ ಹೇಳ್ಬಹುದಲ್ವಾ? ನಿನ್ನ ಹೆಸರು ತೆಗೆದ್ರೆ ಸುಮ್ಮನೆ ಹಳೆಯ ಗಲಾಟೆ ಎಲ್ಲ ಬರ್ತದೆ. ನಿನಗೇನೂ ಬೇಜಾರಿಲ್ಲ ಅಲ್ವಾ?"

"ಇಲ್ಲ" ಎಂದ ರೋಶನ್. "ಹಾಗೇ ಹೇಳು."